ಖಾಲಿ ಟ್ಯಾಂಕ್ ಖಾಲಿಯಲ್ಲ: ಹಳೆಯ ಕಾರಿನಿಂದ ಒಂದು ಪಾಠ

ರಿಯೋಸ್ಟಾಟ್ ಪಾಠ ಮಾಡುವಾಗ ಮಕ್ಕಳು ಕೇಳುವ ಪ್ರಶ್ನೆ ನಿಮಗೂ ಗೊತ್ತಿದ್ದದ್ದೇ: "ಇದು ಎಲ್ಲಿ ಉಪಯೋಗಕ್ಕೆ ಬರ್ತದೆ ಸರ್?" ನನಗೆ ಉತ್ತರ ಸಿಕ್ಕಿದ್ದು ಕಾಸರಗೋಡಿನ ಒಂದು ಗ್ಯಾರೇಜಿನಲ್ಲಿ.

ಹಳೆಯ ಅಂಬಾಸಡರ್ ಕಾರೊಂದರ ಪೆಟ್ರೋಲ್ ಮೀಟರಿನ ಮುಳ್ಳು ಅಲುಗಾಡುತ್ತಿರಲಿಲ್ಲ. ಟ್ಯಾಂಕಿನೊಳಗಿನ ಯೂನಿಟ್ ಬಿಚ್ಚುವ ಕೆಲಸ ನಡೆದಿತ್ತು. ಪೆಟ್ರೋಲ್ ಪೂರ್ತಿ ತೆಗೆದಾಗಿತ್ತು. ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದಾಗ, ನಮ್ಮ ಶಾಲೆಯಲ್ಲೇ ಕಲಿತು ಈಗ ಅಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಕಬ್ಬಿಣದ ಉಳಿ, ಸುತ್ತಿಗೆ ಎತ್ತಿಕೊಂಡ. "ತಡಿ ಮಾರಾಯ!" ಎಂದು ಮೇಸ್ತ್ರಿ ಕೈ ಹಿಡಿದರು. "ಟ್ಯಾಂಕ್ ಖಾಲಿ ಉಂಟಲ್ಲ?" ಎಂದ ಹುಡುಗ. ಅವನಿಗೆ ದಹನದ ಪಾಠ ಮಾಡಿದವನು ನಾನೇ. ವ್ಯಾಖ್ಯೆ ಬರೆದು ಪೂರ್ತಿ ಅಂಕ ಪಡೆದವನು ಅವನು!

ಮೊದಲು ಯೂನಿಟ್ ನೋಡೋಣ. ಒಂದು ತೇಲುಬುರುಡೆ, ಅದಕ್ಕೊಂದು ಉದ್ದ ಕಡ್ಡಿ, ಕಡ್ಡಿಯ ತುದಿಯಲ್ಲಿ ರೋಧತಂತಿಯ ಮೇಲೆ ಜಾರುವ ಲೋಹದ ನಾಲಿಗೆ. ಪೆಟ್ರೋಲ್ ಇಳಿದಂತೆ ಬುರುಡೆ ಇಳಿಯುತ್ತದೆ, ನಾಲಿಗೆ ಜಾರುತ್ತದೆ, ರೋಧ ಬದಲಾಗುತ್ತದೆ, ಮೀಟರಿನಲ್ಲಿ ಹರಿಯುವ ವಿದ್ಯುತ್ತೂ ಬದಲಾಗುತ್ತದೆ. ಓಮನ ನಿಯಮ, ಅಷ್ಟೆ. ಮಂಡಲ ಪೂರ್ತಿಯಾಗುವುದು ಟ್ಯಾಂಕ್ ಮತ್ತು ಕಾರಿನ ಲೋಹದ ಮೈಯ ಮೂಲಕ. ಅಲ್ಲಿ ತುಕ್ಕು ಹಿಡಿದರೂ ಮೀಟರ್ ಸುಳ್ಳು ಹೇಳುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಆ ಜೋಡಣೆಯನ್ನು ಪರೀಕ್ಷಿಸಬೇಕು.

ಬಿಚ್ಚುವ ಕ್ರಮ ಹೀಗೆ. ಪ್ರತಿ ಹೆಜ್ಜೆಗೂ "ಯಾಕೆ?" ಎಂದು ಮಕ್ಕಳಿಂದಲೇ ಹೇಳಿಸಿ.

1. ಕಾರು ಬಯಲಿನಲ್ಲಿರಲಿ, ಹೊಂಡದ ಮೇಲೆ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೊಂಡದಲ್ಲಿ ಇಳಿದು ನಿಲ್ಲುತ್ತದೆ.

2. ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಕಳಚಬೇಕು (ಕಾರಿನ ಮೈಗೆ ಮೈನಸ್ ಜೋಡಿಸಿದ ಗಾಡಿಗಳಲ್ಲಿ). ಪ್ಲಸ್ ಬಿಚ್ಚುವಾಗ ಸ್ಪಾನರ್ ಕಾರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ.

3. ಪೆಟ್ರೋಲನ್ನು ಮುಚ್ಚಳವಿರುವ ಕ್ಯಾನಿಗೆ ತೆಗೆದು ದೂರ ಇಡಬೇಕು.

4. ಸುತ್ತಲಿನ ಮಣ್ಣು ಒರೆಸಿ, ತಂತಿ ಬಿಡಿಸಿ, ಸ್ಕ್ರೂ ತೆಗೆಯಬೇಕು. ಕೆಲವು ಕಾರುಗಳಲ್ಲಿ ಸ್ಕ್ರೂ ಬದಲು ತಿರುಗಿಸುವ ಬಳೆ ಇರುತ್ತದೆ. ತಟ್ಟಬೇಕಾದರೆ ಮರ ಅಥವಾ ಹಿತ್ತಾಳೆ, ಕಬ್ಬಿಣ ಬೇಡ.

5. ಯೂನಿಟನ್ನು ನೇರ ಎಳೆಯಬಾರದು. ಓರೆ ಮಾಡಿ ತಿರುಗಿಸುತ್ತಾ ತೆಗೆದರೆ ಕಡ್ಡಿ ಬಗ್ಗುವುದಿಲ್ಲ. ಕಡ್ಡಿ ಬಗ್ಗಿದರೆ ಅಳತೆ ತಪ್ಪುತ್ತದೆ. ತೂತನ್ನು ಕೂಡಲೇ ಮುಚ್ಚಬೇಕು. ತಿರುಗಿ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಬೇಕು.

ತೆಗೆದ ಯೂನಿಟನ್ನು ಟ್ಯಾಂಕಿನಿಂದ ದೂರ ಒಯ್ದು, ಆರಿಸಿ, ಮಲ್ಟಿಮೀಟರಿಗೆ ಜೋಡಿಸಿ ಕಡ್ಡಿಯನ್ನು ನಿಧಾನವಾಗಿ ಎತ್ತಿ. ರೋಧ ಒಂದೇ ಸಮನೆ ಬದಲಾಗಬೇಕು. ನಡುವೆ ಹಾರಿದರೆ ತಂತಿ ಸವೆದಿದೆ. ಬುರುಡೆ ಅಲ್ಲಾಡಿಸಿದಾಗ ಒಳಗೆ ಸದ್ದಾದರೆ ಅದಕ್ಕೆ ಪೆಟ್ರೋಲ್ ಸೇರಿದೆ. ಅದು ಮುಳುಗಿ, ತುಂಬಿದ ಟ್ಯಾಂಕನ್ನೂ ಖಾಲಿ ಎನ್ನುತ್ತದೆ.

ಇಲ್ಲೊಂದು ಒಳ್ಳೆಯ ಪ್ರಶ್ನೆ ಇದೆ. ಅಮೆರಿಕದ ಹಲವು ಹಳೆಯ ಜನರಲ್ ಮೋಟರ್ಸ್ ಕಾರುಗಳಲ್ಲಿ ಟ್ಯಾಂಕ್ ಖಾಲಿಯಾದಾಗ ರೋಧ 0 ಓಮ್, ತುಂಬಿದಾಗ 90. ಹಳೆಯ ಫೋರ್ಡ್ ಕಾರುಗಳಲ್ಲಿ ತಿರುಗುಮುರುಗು: ಖಾಲಿಯಾದಾಗ ಸುಮಾರು 73, ತುಂಬಿದಾಗ ಸುಮಾರು 10. ತಂತಿ ತುಂಡಾದರೆ ಯಾವ ಮೀಟರ್ "ತುಂಬಿದೆ" ಎಂದೀತು, ಯಾವುದು "ಖಾಲಿ" ಎಂದೀತು? ತುಂಡಾದ ತಂತಿಯ ರೋಧ ಎಷ್ಟೆಂದು ಯೋಚಿಸುವ ಮಗು ಉತ್ತರ ಹೇಳುತ್ತದೆ.

ಇನ್ನು ಆ ಹುಡುಗನ ಮಾತಿಗೆ ಬರೋಣ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಕೊಡುತ್ತದೆ. ಆದರೆ ಗಾಳಿಯಲ್ಲಿ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದಾಗ ಮಾತ್ರ ಬೆಂಕಿ ಹತ್ತುತ್ತದೆ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗ ಕಡಿಮೆ, ಆವಿ ತೀರಾ ದಟ್ಟ. ಬರಿದು ಮಾಡಿದಾಗಲೇ ಗಾಳಿ ಒಳನುಗ್ಗಿ ಹದವಾದ ಮಿಶ್ರಣವಾಗುವುದು. ಆಮೇಲೆ ಒಂದು ಕಿಡಿ ಸಾಕು, ಟ್ಯಾಂಕೇ ಸಿಡಿಯುತ್ತದೆ.

ತರಗತಿಗೆ ಪೆಟ್ರೋಲ್ ತಾಗಿದ ಯೂನಿಟ್ ತರಬೇಡಿ. ಹಳೆಯ ರೇಡಿಯೋದ ವಾಲ್ಯೂಮ್ ಕಂಟ್ರೋಲಿಗೆ ಕಡ್ಡಿ ಕಟ್ಟಿ, ತುದಿಗೆ ಥರ್ಮೋಕೋಲ್ ಉಂಡೆ ಚುಚ್ಚಿ, ಬಕೆಟ್ ನೀರಿನಲ್ಲಿ ತೇಲಿಸಿ. ನಡುವಿನ ಪಿನ್ನಿಗೂ ಒಂದು ಬದಿಯ ಪಿನ್ನಿಗೂ ಮಲ್ಟಿಮೀಟರ್ ಜೋಡಿಸಿದರೆ ನೀರಿನ ಮಟ್ಟ ಓಮಿನಲ್ಲಿ ಕಾಣುತ್ತದೆ. ತಿರುಗಣೆ ಬಿಗಿಯಿದ್ದರೆ ದೊಡ್ಡ ಉಂಡೆ ಹಾಕಿ.

ಹತ್ತನೆಯ ತರಗತಿ ಮುಗಿಸಿ ಗ್ಯಾರೇಜಿಗೆ ಹೋಗುವ ಮಕ್ಕಳು ನಮ್ಮ ಶಾಲೆಗಳಲ್ಲಿ ಪ್ರತಿ ವರ್ಷ ಇದ್ದಾರೆ. ಈಗ ನಾನು ದಹನದ ಪಾಠವನ್ನು ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. "ಖಾಲಿ ಟ್ಯಾಂಕಿನೊಳಗೆ ಏನಿದೆ?" ಎಂದು ಕೇಳುತ್ತೇನೆ. ನೀವೂ ಕೇಳಿ ನೋಡಿ.