ಪಕ್ಕದ ಮನೆಯವರು ಉಳಿಸಿಕೊಟ್ಟ ದುಡ್ಡು

ಏಪ್ರಿಲ್, ಮೇ ಬಂತೆಂದರೆ ನಮ್ಮಂಥ ಬ್ಯಾಂಕ್ ನೌಕರರ ಮನೆಗಳಲ್ಲಿ ವರ್ಗಾವಣೆ ಪಟ್ಟಿಯದೇ ಮಾತು. ಹಾಸನದಿಂದ ಹೊರಟ ನಾನು ಪುತ್ತೂರು, ಸಿಂಧನೂರು, ಬೆಂಗಳೂರು ಸುತ್ತಿ ಈಗ ಧಾರವಾಡದಲ್ಲಿದ್ದೇನೆ. ಸಾಮಾನು ಸಾಗಿಸಿದ ಲಾರಿ ಬಾಡಿಗೆಯನ್ನು ಬ್ಯಾಂಕು ಕೊಡುತ್ತದೆ. ಹಾಗಾಗಿ "ನಿಮಗೇನು ಬಿಡಿ, ಖರ್ಚೇ ಇಲ್ಲ" ಅನ್ನುವವರು ಬಹಳ. ಆದರೆ ಮನೆ ಬದಲಿಸುವ ಖರ್ಚಿನಲ್ಲಿ ರಸೀದಿ ಸಿಗುವ ಭಾಗ ಚಿಕ್ಕದು. ಹಳೆ ಮನೆಯ ಪರದೆ ಹೊಸ ಮನೆಯ ಕಿಟಕಿಗೆ ಒಂದು ಗೇಣು ಗಿಡ್ಡವಾಗುತ್ತದೆ. ವಾಷಿಂಗ್ ಮೆಷಿನ್ನಿನ ಪೈಪು ಹೊಸ ನಲ್ಲಿಗೆ ಹೊಂದುವುದಿಲ್ಲ. ಗೀಸರ್ ಹಾಕಿಸಲು ಪ್ಲಂಬರ್ ಬೇಕು, ಮಕ್ಕಳಿಗೆ ಹೊಸ ಶಾಲೆಯ ಯೂನಿಫಾರ್ಮು, ಬೂಟು ಬೇಕು. ಮೊದಲ ತಿಂಗಳು ಹೀಗೆ ಕೈಬಿಟ್ಟ ದುಡ್ಡನ್ನು ಯಾವ ಆಫೀಸೂ ವಾಪಸ್ ಕೊಡುವುದಿಲ್ಲ.

ದೊಡ್ಡ ಮೊತ್ತ ಸಿಕ್ಕಿಹಾಕಿಕೊಳ್ಳುವುದು ಅಡ್ವಾನ್ಸಿನಲ್ಲಿ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಬೆಂಗಳೂರಿನಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. 20,000 ರೂಪಾಯಿ ಬಾಡಿಗೆಯ ಮನೆಗೆ 2 ಲಕ್ಷ. ಆ ಹಣ ಶೇ 6.5ರ ಬಡ್ಡಿಗೆ ಠೇವಣಿಯಲ್ಲಿದ್ದರೆ ವರ್ಷಕ್ಕೆ 13,000 ರೂಪಾಯಿ ಬರುತ್ತಿತ್ತು. ಅಂದರೆ ನೀವು ನಿಜಕ್ಕೂ ಕಟ್ಟುತ್ತಿರುವ ಬಾಡಿಗೆ ತಿಂಗಳಿಗೆ 21,000ಕ್ಕೂ ಹೆಚ್ಚು. ಸಾಲದ್ದಕ್ಕೆ ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದು ಕೇಂದ್ರ ಸರ್ಕಾರ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಹೇಳಿದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿಯಷ್ಟೇ. ರಾಜ್ಯ ಒಪ್ಪಿ ತನ್ನ ಕಾನೂನು ಮಾಡಿದರೆ ಮಾತ್ರ ನಮ್ಮ ಉಪಯೋಗಕ್ಕೆ ಬರುತ್ತದೆ.

ಹಳೆ ಮನೆಯ ಮಾಲೀಕರು ಬೀಗದ ಕೈ ಪಡೆದ ಮೇಲೆ ಅಡ್ವಾನ್ಸ್ ವಾಪಸ್ ಕೊಡುತ್ತಾರೆ, ಹೊಸ ಮನೆಯವರು ಬೀಗದ ಕೈ ಕೊಡುವ ಮೊದಲೇ ಕೇಳುತ್ತಾರೆ. ಈ ನಡುವಿನ ಇಕ್ಕಟ್ಟಿಗೆಂದೇ ನಾನೊಂದು ಆರ್‌ಡಿ ಕಟ್ಟುತ್ತೇನೆ. ವರ್ಗಾವಣೆಯ ನೌಕರಿಯಲ್ಲಿ ಇರುವವರು ಮೂರು ತಿಂಗಳ ಬಾಡಿಗೆಯಷ್ಟನ್ನಾದರೂ ಹೀಗೆ ಬೇರೆಯಾಗಿ ಎತ್ತಿಡಿ. ಮನೆ ಬದಲಿಸಲು ಪರ್ಸನಲ್ ಲೋನ್ ತೆಗೆಯುವ ಪರಿಸ್ಥಿತಿ ಬರಬಾರದು.

ಇಷ್ಟೆಲ್ಲ ಲೆಕ್ಕ ಇಟ್ಟುಕೊಂಡರೂ ದುಡ್ಡು ಸೋರುವ ಇನ್ನೊಂದು ಜಾಗವಿದೆ. ಹೊಸಬರಿಗೆ ಊರು ಗೊತ್ತಿರುವುದಿಲ್ಲ. ಆ ತೂತು ಮುಚ್ಚುವುದು ಅಕ್ಕಪಕ್ಕದ ಮನೆಯವರಿಂದ ಮಾತ್ರ ಸಾಧ್ಯ.

ಧಾರವಾಡಕ್ಕೆ ಬಂದ ದಿನ ಸಂಜೆ ಸಾಮಾನು ಇಳಿಸಿ ನೋಡಿದರೆ ಟ್ಯಾಂಕಿನಲ್ಲಿ ಹನಿ ನೀರಿಲ್ಲ. ಟ್ಯಾಂಕರಿಗೆ ಹೇಳೋಣವೆಂದು ನಂಬರು ಹುಡುಕುತ್ತಿದ್ದೆ. ಪಕ್ಕದ ಮನೆಯ ಹಿರಿಯರು ಕಾಂಪೌಂಡಿನ ಆಚೆಯಿಂದ, "ಟ್ಯಾಂಕರ್ ತರಸಬ್ಯಾಡ್ರಿ ಅಕ್ಕಾರ, ನಾಳೆ ಮುಂಜಾನೆ ನಳಾ ಬರ್ತಾವ. ಇವತ್ತಿಗೆ ನಮ್ಮ ಪೈಪ್ ಹಚ್ಕೋರಿ" ಅಂದರು. ಅವರ ಸೊಸೆ ಪೈಪಿನ ತುದಿಯನ್ನು ಗೋಡೆಯ ಮೇಲಿಂದ ದಾಟಿಸಿದಳು. ಸ್ವಲ್ಪ ಹೊತ್ತಿಗೆ ಅದೇ ಗೋಡೆಯ ಮೇಲೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಬಂದು ಕುಳಿತವು. ನಮ್ಮ ಬಡಾವಣೆಯಲ್ಲಿ ನೀರು ಬಿಡುವುದು ವಾರಕ್ಕೊಮ್ಮೆ. ಆ ದಿನ ಗೊತ್ತಿಲ್ಲದೆ ತಪ್ಪಿಸಿಕೊಂಡವರು ವಾರವಿಡೀ ನೀರು ಕೊಂಡು ಕುಡಿಯಬೇಕು. ಆ ಹಿರಿಯರು ಒಂದೇ ಮಾತಿನಲ್ಲಿ ನಮಗೆ ಉಳಿಸಿದ್ದು ಒಂದು ಟ್ಯಾಂಕರಿನ ದುಡ್ಡನ್ನಷ್ಟೇ ಅಲ್ಲ, ಆಮೇಲಿನವುಗಳದ್ದನ್ನೂ.

ಪುತ್ತೂರಿನಲ್ಲಿ ಎದುರುಮನೆಯವರು, "ಮಳೆ ಹಿಡಿಯುವ ಮೊದಲು ಆ ರಟ್ಟಿನ ಡಬ್ಬ ಎಲ್ಲ ಬಿಚ್ಚಿಬಿಡಿ ಮಾರಾಯ್ರೆ, ಬಟ್ಟೆಗೆ ಬೂಷ್ಟು ಹಿಡೀತದೆ" ಎಂದು ಎಚ್ಚರಿಸಿದ್ದರು. ನನ್ನ ರೇಷ್ಮೆ ಸೀರೆಗಳು ಉಳಿದದ್ದು ಅವರಿಂದ. ಇನ್ನು ಗ್ಯಾಸಿನ ವಿಷಯ. ಊರು ಬದಲಾದರೆ ಸಿಲಿಂಡರು, ರೆಗ್ಯುಲೇಟರನ್ನು ಹಳೆ ಏಜೆನ್ಸಿಗೆ ಒಪ್ಪಿಸಿ, ವರ್ಗಾವಣೆ ವೋಚರ್ ಪಡೆದು, ಹೊಸ ಊರಿನ ಏಜೆನ್ಸಿಗೆ ಕೊಡಬೇಕು. ಸಿಲಿಂಡರು ಮನೆಗೆ ಬರುವ ತನಕ ಮನೆಮಂದಿಗೆಲ್ಲ ಹೋಟೆಲ್ ಊಟವಾದರೆ ಆ ತಿಂಗಳ ದಿನಸಿಯ ದುಡ್ಡು ಅಲ್ಲೇ ಕರಗುತ್ತದೆ. ಸಿಂಧನೂರಿನಲ್ಲಿ ಮೇಲ್ಮನೆಯವರು ತಮ್ಮ ಇಂಡಕ್ಷನ್ ಒಲೆಯನ್ನು ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋಗಿದ್ದರು.

ಇವರೆಲ್ಲರಿಂದ ಕಲಿತದ್ದನ್ನೇ ಈಗ ನಾನೂ ಮಾಡುತ್ತೇನೆ. ನಮ್ಮ ಬೀದಿಯಲ್ಲಿ ಸಾಮಾನಿನ ಲಾರಿ ನಿಂತರೆ ಒಂದು ಫ್ಲಾಸ್ಕ್ ಚಹಾ, ಒಂದು ಡಬ್ಬಿ ಉಪ್ಪಿಟ್ಟಿನ ಜೊತೆ ಒಂದು ಚೀಟಿ ಬರೆದು ಕೊಟ್ಟು ಬರುತ್ತೇನೆ. ನೀರು ಬರುವ ದಿನ, ಹೊತ್ತು, ಹಾಲಿನವರು, ಕಸದ ಗಾಡಿ ಬರುವ ಸಮಯ, ನ್ಯಾಯವಾಗಿ ದುಡ್ಡು ತೆಗೆದುಕೊಳ್ಳುವ ಪ್ಲಂಬರು ಮತ್ತು ಎಲೆಕ್ಟ್ರಿಷಿಯನ್, ಸ್ಟೇಷನ್ನಿಗೆ ಆಟೋದವರು ಸಾಮಾನ್ಯವಾಗಿ ಕೇಳುವ ದರ, ರಾತ್ರಿ ತೆರೆದಿರುವ ಔಷಧಿ ಅಂಗಡಿ. ಏಣಿ, ಡ್ರಿಲ್ಲಿಂಗ್ ಮೆಷಿನ್ ನಮ್ಮಲ್ಲಿವೆ, ಕೊಂಡು ತರಬೇಡಿ ಎಂದೂ ಹೇಳುತ್ತೇನೆ. ವರ್ಷಕ್ಕೆರಡು ಸಲ ಬಳಸುವ ವಸ್ತು ಬೀದಿಗೊಂದಿದ್ದರೆ ಸಾಕು.

ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: "ನೀವು ಯಾವ ಜನ?" ಈ ಪ್ರಶ್ನೆ ಎಷ್ಟು ಮನೆಗಳ ಬಾಗಿಲು ಮುಚ್ಚಿಸಿದೆ ಎಂಬುದನ್ನು ನನ್ನ ಸಹೋದ್ಯೋಗಿಗಳಿಂದಲೇ ಕೇಳಿದ್ದೇನೆ. ಜಾತಿ, ಧರ್ಮ, ಮಾಂಸಾಹಾರದ ಕಾರಣಕ್ಕೆ ನಾಲ್ಕು ಕಡೆ ಇಲ್ಲ ಅನ್ನಿಸಿಕೊಂಡವರು ಐದನೆಯ ಕಡೆ ಹೇಳಿದಷ್ಟು ಬಾಡಿಗೆಗೆ ಒಪ್ಪಿಕೊಳ್ಳಬೇಕಾಗುತ್ತದೆ. ಅವಮಾನದ ಜೊತೆ ಅವರಿಗದು ತಿಂಗಳು ತಿಂಗಳೂ ಬೀಳುವ ದಂಡ. ಹೊಸದಾಗಿ ಬಂದವರ ಮನೆಗೆ ಹೋಗಿ ಮೊದಲ ಮಾತಾಗಿ ಇದನ್ನು ಕೇಳುವವರು ದಯವಿಟ್ಟು ನಿಲ್ಲಿಸಬೇಕು.

ಬ್ಯಾಂಕಿನವಳಾಗಿ ಇನ್ನೊಂದು ಮಾತು. ಬಂದ ತಿಂಗಳಲ್ಲೇ ಹೊಸಬರನ್ನು ಬೀದಿಯ ಚೀಟಿ ವ್ಯವಹಾರಕ್ಕೆ ಸೇರಿಸಿಕೊಳ್ಳುವುದು, ಪಾಲಿಸಿ ಮಾಡಿಸುವುದು ಬೇಡ. ಹೊಸಬರು ಸಂಕೋಚಕ್ಕೆ ಹೂಂ ಅನ್ನುತ್ತಾರೆ, ನಡುವೆ ವರ್ಗಾವಣೆಯಾದರೆ ಎರಡೂ ಕಡೆಯವರಿಗೆ ಪೇಚಾಟ. ಪರಿಚಯ ಗಟ್ಟಿಯಾದ ಮೇಲೆ ಅವರೇ ಕೇಳಿಕೊಂಡು ಬಂದರೆ ಆಗ ನೋಡಿದರಾಯಿತು.

ಮನೆ ಬಿಟ್ಟು ಹೊರಡುವವರಲ್ಲೂ ಒಂದು ಕೇಳಿಕೆ ಇದೆ. ನೀವು ಹೋದ ಮೇಲೆ ಆ ಮನೆಗೆ ಬರುವವರ ಮುಖ ನಿಮಗೆ ಗೊತ್ತಿರುವುದಿಲ್ಲ, ಆದರೂ ಅವರಿಗೆ ಮಾಡಬಹುದಾದ ಉಪಕಾರವೊಂದಿದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಆಧಾರ್ ಆ ಮನೆಯ ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಅದನ್ನು ಬಿಡಿಸದೆ ಹೋದರೆ ಹೊಸ ಬಾಡಿಗೆದಾರರು ತಮ್ಮ ಹೆಸರಿನಲ್ಲಿ ನೋಂದಾಯಿಸಲು ಪರದಾಡಬೇಕು, ನಿಮಗೂ ಹೊಸ ಮನೆಯಲ್ಲಿ ಸೌಲಭ್ಯ ಸಿಗದು. ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡಲು ಅವಕಾಶವಿದೆ. ಬೀಗದ ಕೈ ಒಪ್ಪಿಸುವ ವಾರದಲ್ಲೇ ಆ ಕೆಲಸ ಮುಗಿಸಿ ಹೊರಡಿ.