ಸೋಣನ ಪಾದ, ಅಪ್ಪನ ಎಕ್ಕಡ



*ಇಂದಿನ ಧಮ್ಮ ಚಿಂತನೆ*

ಏಪ್ರಿಲ್ ರಜೆಯಲ್ಲಿ ಗೆಳೆಯನೊಬ್ಬನ ಜೊತೆ ಮುಳ್ಳಯ್ಯನಗಿರಿ ಹತ್ತಿದೆ. 1930 ಮೀಟರ್, ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಶಿಖರ. ತುದಿಯ ಹತ್ತಿರದವರೆಗೂ ವಾಹನಗಳು ಹೋಗುತ್ತವೆ, ನಾವು ಮಾತ್ರ ಸರ್ಪದಾರಿ ಹಿಡಿದೆವು. ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಸುತ್ತಿ ಏರುವ ಕಾಲುದಾರಿ. ಕಣಿವೆಯ ಶೋಲಾ ಕಾಡು ದಾಟಿದರೆ ನೆರಳಿಲ್ಲ. ಒಣಗಿದ ಹುಲ್ಲು, ಬಂಡೆ, ಬಿಸಿಲು.

ಗೆಳೆಯ ನಮ್ಮೂರಿನವನೇ. ಒಂದರಿಂದ ಏಳರವರೆಗೆ ಒಂದೇ ಶಾಲೆಯಲ್ಲಿ ಓದಿದವರು. ಅವನದು ಗೌಡರ ಬೀದಿ, ನನ್ನದು ಕೇರಿ.

ಹತ್ತು ಗಂಟೆಯೊಳಗೆ ತುದಿ ಮುಟ್ಟಬೇಕೆಂಬ ಹಟ ನನ್ನದು. ಮೇಷ್ಟ್ರಿಗೆ ರಜೆಯಲ್ಲೂ ಶಾಲೆಯ ಗಂಟೆ ತಲೆಯೊಳಗೆ ಹೊಡೆಯುತ್ತಿರುತ್ತದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಅವನು ಬಂಡೆಯ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ಹೊಸ ಬೂಟು. ಹಿಮ್ಮಡಿಯ ಚರ್ಮ ಕಿತ್ತು ಕಾಲುಚೀಲಕ್ಕೆ ರಕ್ತ ಅಂಟಿತ್ತು.

"ಮೊದಲೇ ಹೇಳೋದಲ್ವೇನೋ?"

"ನೀನು ನಿಲ್ಲೋ ಥರ ಕಾಣ್ಲಿಲ್ಲ."

ವಿನಯ ಪಿಟಕದ ಮಹಾವಗ್ಗದಲ್ಲಿ ಸೋಣ ಕೋಳಿವೀಸನ ಕಥೆ ಇದೆ. ಚಂಪಾ ನಗರದ ಶ್ರೀಮಂತನ ಮಗ, ಮೆತ್ತನೆಯ ಪಾದದವನು. ಭಿಕ್ಷುವಾದ ಮೇಲೆ ರಾಜಗೃಹದ ಸೀತವನದಲ್ಲಿ ಚಂಕ್ರಮಣ ಮಾಡಿ ಮಾಡಿ ಅವನ ಕಾಲೊಡೆದು ನಡೆದ ಜಾಗವೆಲ್ಲ ರಕ್ತವಾಯಿತು. ಇಷ್ಟಾದರೂ ಮನಸ್ಸು ಬಿಡುಗಡೆಯಾಗಲಿಲ್ಲ, ಮನೆಗೆ ಹೋಗಿಬಿಡೋಣ ಅನ್ನಿಸಿತು. ಆಗ ಬುದ್ಧರು ಬಂದು ಅವನಿಗೆ ಗೊತ್ತಿದ್ದ ವೀಣೆಯ ಮಾತನ್ನೇ ಎತ್ತಿದರು. ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದವಿಲ್ಲ. ಪಾಲಿಯಲ್ಲಿ ಇದಕ್ಕೆ 'ವೀರಿಯ ಸಮತಾ' ಎಂದಿದೆ. ಸಮತೆ ಎಂದ ಕೂಡಲೇ ನಾವು ಸಮಾನತೆ ಎಂದು ಓದಿಕೊಳ್ಳುತ್ತೇವೆ. ಇಲ್ಲಿ ಅದರ ಅರ್ಥ ನಮ್ಮ ಅಮ್ಮಂದಿರು ಮುದ್ದೆ ತೊಳಸುವಾಗ ಹೇಳುವ 'ಹದ'ಕ್ಕೆ ಹತ್ತಿರ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ವೀಣೆಗೇ ನಿಲ್ಲಿಸುತ್ತೇವೆ. ನಾನೂ ಹಾಗೇ ಪಾಠ ಮಾಡಿದವನು.

ಬಸ್ಸಿಗೆಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ ರಬ್ಬರ್ ಚಪ್ಪಲಿ ತೆಗೆದು ಅವನ ಮುಂದಿಟ್ಟೆ. ಅವನು ತಕ್ಷಣ ಹಾಕಲಿಲ್ಲ. ಚಪ್ಪಲಿಯನ್ನೇ ನೋಡುತ್ತಾ ಹೇಳಿದ: "ನೀನು ಕೆಲಸ ಸಿಕ್ಕಿದ ಹೊಸದರಲ್ಲಿ ಬೂಟು ಹಾಕ್ಕಂಡು ನಮ್ ಬೀದೀಲಿ ಬಂದೆ ನೋಡು, ಅವತ್ತು ನಾನು ಜಗಲಿ ಮೇಲೇ ಕೂತಿದ್ದೆ. ಪಕ್ಕದಲ್ಲಿ ನಿಮ್ಮಪ್ಪ ಎಕ್ಕಡ ಕಂಕುಳಲ್ಲಿ ಇಟ್ಕಂಡು ಬರ್ತಿದ್ರು. ಹಾಕ್ಕಳಿ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ ಕಣೋ."

ಆ ದಿನ ನನಗೂ ಚೆನ್ನಾಗಿ ನೆನಪಿದೆ. ಆಗಲೇ ಯಾರೂ ಬಾಯಿಬಿಟ್ಟು ತಡೆಯುತ್ತಿರಲಿಲ್ಲ. ಆದರೆ ಅಪ್ಪನ ವಯಸ್ಸಿನವರು ಆ ಬೀದಿಯ ತಿರುವಿನಲ್ಲಿ ಎಕ್ಕಡ ಕಳಚುವುದನ್ನು ಬಿಟ್ಟಿರಲಿಲ್ಲ. ಅಪ್ಪ ಬಾಗಿ ಕಳಚುವಾಗ ನಾನು ನಿಲ್ಲಲೂ ಇಲ್ಲ. ನನ್ನ ಬೂಟಿನ ಸದ್ದು ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದರ ಮೇಲೇ ನನ್ನ ಗಮನ. ಗೆದ್ದೆ ಅಂದುಕೊಂಡಿದ್ದೆ.

"ನಂಗೂ ಬರ್ಲಿಲ್ಲ" ಅಂದೆ.

ವೀಣೆಯ ನಂತರ ಸೋಣನ ಕಥೆ ಮುಂದುವರಿಯುತ್ತದೆ. ಹದ ಅರಿತು ಸಾಧನೆ ಮಾಡಿ ಅವನು ಅರಹಂತನಾಗುತ್ತಾನೆ. ಆಗ ಬುದ್ಧರು, ನಿನ್ನ ಪಾದ ಮೆದು, ಒಂದು ಪದರದ ಪಾದರಕ್ಷೆ ಹಾಕಿಕೋ ಎಂದು ಅವನಿಗೆ ಅನುಮತಿ ಕೊಡುತ್ತಾರೆ. ಸೋಣ ಒಪ್ಪುವುದಿಲ್ಲ. ಇಡೀ ಭಿಕ್ಷುಸಂಘಕ್ಕೆ ಅನುಮತಿ ಕೊಟ್ಟರೆ ನಾನೂ ಹಾಕುತ್ತೇನೆ, ಇಲ್ಲದಿದ್ದರೆ ಬೇಡ ಎನ್ನುತ್ತಾನೆ. ಬುದ್ಧರು ಸಂಘಕ್ಕೆಲ್ಲ ಅನುಮತಿ ಕೊಡುತ್ತಾರೆ. ಗುರುವಿನ ಮುಂದೆ ಶಿಷ್ಯ ಷರತ್ತು ಹಾಕುತ್ತಾನೆ, ಗುರು ನಿಯಮವನ್ನೇ ಹಿಗ್ಗಿಸುತ್ತಾರೆ. ಸಂಘ ಎಂಬ ಮಾತಿಗೆ ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದಾಗಲೂ ಅಷ್ಟೇ. ಬ್ಯಾರಿಸ್ಟರ್ ಆಗಿದ್ದ ಅವರಿಗೆ ತಮ್ಮ ಮನೆಯಲ್ಲಿ ನೀರಿಗೆ ಬರವಿರಲಿಲ್ಲ.

ನನ್ನ ಅಪ್ಪನ ವಿಷಯದಲ್ಲಿ ನಾನು ಆ ಷರತ್ತು ಹಾಕಲಿಲ್ಲ. ಮೀಸಲಾತಿಯಿಂದ ಕೆಲಸ, ಕೆಲಸದಿಂದ ಬೂಟು, ಬೂಟು ನನ್ನ ಕಾಲಿಗೆ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು.

ಆಮೇಲೆ ಇಬ್ಬರೂ ನಿಧಾನವಾಗಿ ನಡೆದೆವು. ಅವನು ಮುಂದೆ, ನಾನು ಹಿಂದೆ. ನನ್ನ ಚಪ್ಪಲಿ ಅವನಿಗೆ ಅರ್ಧ ಇಂಚು ಚಿಕ್ಕದು, ಹಿಮ್ಮಡಿ ಹೊರಗೇ ಇತ್ತು. ಗಾಯಕ್ಕೆ ಅದೇ ಒಳ್ಳೆಯದಾಯಿತು. ತುದಿ ಮುಟ್ಟಿದಾಗ ಹನ್ನೊಂದೂವರೆ. ಶಿಖರದ ಗುಡಿಗೆ ಪಾದರಕ್ಷೆ ಬಿಟ್ಟು ಹೋಗಬೇಕು. ನನ್ನ 22 ಪ್ರತಿಜ್ಞೆ ಅವನಿಗೆ ಗೊತ್ತು, ಬಾ ಎನ್ನಲಿಲ್ಲ. ಅವನು ಒಳಗೆ ಹೋಗಿ ಬರುವವರೆಗೆ ಗಾಳಿಗೆ ಮುಖವೊಡ್ಡಿ ಚಪ್ಪಲಿ ಕಾಯುತ್ತಾ ಕೂತೆ. ಹೊರಗೆ ಬಂದು ಕಾಲು ತೂರಿಸುವಾಗ, "ಇದು ನನ್ನ ಹತ್ರಾನೇ ಇರ್ಲಿ" ಅಂದ.

ಭಾನುವಾರ ವಂದನೆಯ ನಂತರ ಮಹಾವಗ್ಗದ ಐದನೆಯ ಖಂಧಕವನ್ನು ಓದೋಣ. ಪುಸ್ತಕ ಇರುವವರು ತನ್ನಿ, ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ.

ಜೈ ಭೀಮ್ 🙏