ಎಫೆಮರಲ್: ಬಳಸುವವರಿಗೆ ಸೂಚನೆ

ಇಂಗ್ಲಿಷಿನಲ್ಲಿ ಬರೆಯುವವರಿಗೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೂ ಇದು ಅನ್ವಯ. ಗ್ರೀಕ್ ಭಾಷೆಯಲ್ಲಿ 'ಹೆಮೆರಾ' ಎಂದರೆ ದಿನ. 'ಎಫೆಮೆರೊಸ್' ಎಂದರೆ ಒಂದು ದಿನದ ಮಟ್ಟಿಗಿನದು. ಎಫೆಮರಲ್ ಹುಟ್ಟಿದ್ದು ಅಲ್ಲಿಂದ. ಈಗ ದಿನದ ಲೆಕ್ಕ ಬಿಟ್ಟುಹೋಗಿದೆ. ಬೇಗ ಮರೆಯಾಗುವುದೇ ಯಾವುದರ ಸ್ವಭಾವವೋ ಅದಕ್ಕೆ ಈ ಪದ.

ಮಾಡಬಾರದ್ದು

ಅವಧಿ ಚಿಕ್ಕದೆಂಬ ಒಂದೇ ಕಾರಣಕ್ಕೆ ಬಳಸಬೇಡಿ. ಹತ್ತು ನಿಮಿಷದ ಮೀಟಿಂಗ್ ಬ್ರೀಫ್, ಅಷ್ಟೇ. ಆರು ತಿಂಗಳ ಗುತ್ತಿಗೆ ಕೆಲಸ ಟೆಂಪೊರರಿ. ಅದರ ಕೊನೆಯ ದಿನವನ್ನು ಯಾರೋ ಆದೇಶದಲ್ಲಿ ಬರೆದಿಟ್ಟಿದ್ದಾರೆ. ರಜೆ ಅರ್ಜಿಯಲ್ಲಂತೂ ಈ ಪದ ಬೇಡವೇ ಬೇಡ.

ಕನ್ನಡದಲ್ಲಿ 'ತಾತ್ಕಾಲಿಕ' ಎನ್ನಬೇಡಿ, ಕಾರಣ ಮೇಲಿನದೇ. 'ನಶ್ವರ'ವೂ ಸಲ್ಲದು: ನೂರು ವರ್ಷ ಬಾಳಿದ ದೇಹವೂ ನಶ್ವರವೇ.

ಉದಾಹರಣೆಗೆಂದು ಮೇಫ್ಲೈಯನ್ನು ಹಿಡಿದು ತಂದು 'ಒಂದೇ ದಿನ ಬದುಕುವ ಹುಳು' ಎನ್ನಬೇಡಿ. ಇದರ ಗಣಕ್ಕೆ ಎಫೆಮೆರಾಪ್ಟೆರಾ ಎಂಬ ಹೆಸರಿರುವುದು ನಿಜ. ಆದರೆ ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನಗಳಲ್ಲಿ ಮುಗಿಯುವುದು ರೆಕ್ಕೆ ಬಂದ ಮೇಲಿನ ಬದುಕು ಮಾತ್ರ. ಅದಕ್ಕೂ ಮೊದಲು ನೀರಿನಡಿ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷ ದಾಟಿ, ಬೆಳೆದಿರುತ್ತದೆ.

'ಎಫಿಮೀರಲ್' ಎಂದು ಎಳೆಯಬೇಡಿ. ಒತ್ತು 'ಫೆ' ಮೇಲೆ.

ಮಾಡಬೇಕಾದ್ದು

ಖ್ಯಾತಿ, ಫ್ಯಾಷನ್, ಸುದ್ದಿವಾಹಿನಿಯ ಸಂಜೆಯ ಗದ್ದಲ: ಇವಕ್ಕೆ ಧಾರಾಳವಾಗಿ ಬಳಸಿ. ಕನ್ನಡದಲ್ಲಿ 'ಕ್ಷಣಿಕ', 'ಅಲ್ಪಾಯು' ಹೊಂದುತ್ತವೆ.

ಶಾಸ್ತ್ರದ ಪದವಾಗಿ ಬಂದಾಗ ಆ ಶಾಸ್ತ್ರ ಹೇಳುವ ಅರ್ಥಕ್ಕೆ ಬದ್ಧರಾಗಿ. ಎಫೆಮರಲ್ ಸ್ಟ್ರೀಮ್ ಎಂದರೆ ಮಳೆ ಬಿದ್ದಾಗ ಮಾತ್ರ ಹರಿದು ಬತ್ತುವ ತೊರೆ, ಅದಕ್ಕೆ ಅಂತರ್ಜಲದ ಆಸರೆಯಿಲ್ಲ. ಅಂತರ್ಜಲದ ಬಲದಿಂದ ವರ್ಷದಲ್ಲಿ ಕೆಲವು ತಿಂಗಳು ಹರಿಯುವ ಹಳ್ಳವನ್ನು ಇಂಟರ್ಮಿಟೆಂಟ್ ಎನ್ನಿ. ಬಯಲುಸೀಮೆಯ ನೀರಿನ ವರದಿ ಬರೆಯುವವರು ಇವೆರಡನ್ನು ಬೆರೆಸಿದರೆ ವರದಿಯೇ ತಪ್ಪು.

ದನಗಳ ಎಫೆಮರಲ್ ಫೀವರ್‌ಗೆ ರೈತರ ಬಾಯಲ್ಲಿರುವ 'ಮೂರು ದಿನದ ಜ್ವರ' ಎಂದೇ ಬರೆಯಿರಿ. ಹಸು ಮೇವು ಬಿಟ್ಟು, ಕುಂಟುತ್ತಾ, ಹಾಲು ಇಳಿಸಿ ನಿಂತಿರುವ ಕೊಟ್ಟಿಗೆಗೆ ಹೋಗಿ 'ಕ್ಷಣಿಕ ಜ್ವರ' ಎಂದು ಹೇಳಿ ನೋಡಿ!

ಟಿಕೆಟ್, ಕರಪತ್ರ, ಜಾಹೀರಾತು ಚೀಟಿಗಳಿಗೆ 'ಎಫೆಮೆರಾ' ಎಂಬ ನಾಮಪದವಿದೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯಕ್ಕೆ 1968ರಲ್ಲಿ ಬಂದ ಜಾನ್ ಜಾನ್ಸನ್ ಸಂಗ್ರಹದ ತುಂಬ ಇಂಥವೇ. ಶತಮಾನ ಕಳೆದರೂ ಹೆಸರು ಬದಲಾಗಿಲ್ಲ, ಏಕೆಂದರೆ ಅಚ್ಚು ಹಾಕಿದ್ದು ಅಂದಂದಿನ ಬಳಕೆಗೆ. ಕಂಪನಿ ನಾಟಕದ ಹಳೇ ಕರಪತ್ರ ಕೈಗೆ ಸಿಕ್ಕರೆ ಪಟ್ಟಿಯಲ್ಲಿ ಅದನ್ನೂ ಈ ಹೆಸರಿನಡಿಯೇ ದಾಖಲಿಸಿ.